ದುಡಿಮೆಯ ಬೆಲೆ ಮತ್ತು ನಡುವಿನವರ ಪಾಲು

ಕಳೆದ ಶ್ರಾವಣಮಾಸದ ಒಂದು ಸಂಜೆ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಯ ಭಕ್ತ ಕುಟುಂಬವೊಂದು ನಮ್ಮನ್ನು ಕಾಣಲು ಬಂದಿತ್ತು. ತಾಯಿ, ಮಗ, ಮಗಳು, ಈ ಮೂವರೇ. ಮನೆಯ ಯಜಮಾನರು ಲಿಂಗೈಕ್ಯರಾಗಿ ಆರು ವರ್ಷಗಳಾಗಿವೆ. ಅದು ಚೆಂಡುಹೂವಿನ ಕೊಯ್ಲಿನ ಕಾಲವಾದ್ದರಿಂದ ಆ ತಾಯಿಯ ಬೆರಳುಗಳಲ್ಲಿ ಹೂವಿನ ಹಳದಿ ಇನ್ನೂ ಹಾಗೆಯೇ ಇತ್ತು. ಮಗಳು ಚಾಮರಾಜನಗರದ ಕಚೇರಿಯೊಂದರಲ್ಲಿ ಹೊರಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಆದರೆ ಯಾವ ಕಂಪನಿಯ ಕಾಯಂ ನೌಕರನೂ ಅಲ್ಲ, ಏಜೆನ್ಸಿಯ ಮೂಲಕ ದಿನದ ಲೆಕ್ಕದಲ್ಲಿ ದುಡಿಯುವವನು.

ಅವರು ಬಂದದ್ದು ಮಗಳ ಚಿಂತೆಯನ್ನು ಹೊತ್ತು. ಹದಿನಾಲ್ಕು ತಿಂಗಳಿಂದ ಆಕೆಯ ಸಂಬಳದಲ್ಲಿ ಭವಿಷ್ಯನಿಧಿಯೆಂದು ಹಣ ಮುರಿಯುತ್ತಿದ್ದಾರೆ. ಆದರೆ ಜೊತೆಯಲ್ಲಿದ್ದ ಹುಡುಗಿಯೊಬ್ಬಳು ಕೆಲಸ ಬಿಟ್ಟು ತನ್ನ ಹಣ ಪಡೆಯಲು ಹೋದಾಗ ಖಾತೆಯಲ್ಲಿ ಬಹುಪಾಲು ಹಣವೇ ಇರಲಿಲ್ಲವಂತೆ. "ಆಫೀಸಿನವರನ್ನು ಕೇಳಿದರೆ ಏಜೆನ್ಸಿ ಅಂತಾರೆ, ಏಜೆನ್ಸಿಯವರನ್ನು ಕೇಳಿದರೆ ಆಫೀಸು ಅಂತಾರೆ. ಗಟ್ಟಿಯಾಗಿ ಕೇಳಿದರೆ ಕೆಲಸ ಹೋಗುತ್ತೆ, ಕೇಳದೆ ಇದ್ದರೆ ದುಡ್ಡು ಹೋಗುತ್ತೆ. ನಾನೇನು ಮಾಡಲಿ ಬುದ್ಧಿ?" ಎಂದು ಆ ಮಗಳು ಕಣ್ಣೀರು ತಂದುಕೊಂಡಳು.

ಉತ್ತರ ಹೇಳುವ ಮೊದಲು ನಾವು ಮೂವರಿಗೂ ಒಂದೇ ಪ್ರಶ್ನೆಯನ್ನು ಕೇಳಿದೆವು: ನಿಮ್ಮ ದುಡಿಮೆಗೆ ಕೆಲಸ ಕೊಟ್ಟವರು ಎಷ್ಟು ಕೊಡುತ್ತಾರೆ, ಅದರಲ್ಲಿ ನಡುವಿನವರು ಎಷ್ಟು ಇಟ್ಟುಕೊಳ್ಳುತ್ತಾರೆ?

ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. ಹೊಲದವರು ತಲೆಗೆ ರೂ. 400 ಕೊಡುತ್ತಾರೆ, ಮೇಸ್ತ್ರಿ ರೂ. 50 ಹಿಡಿದುಕೊಂಡು ರೂ. 350 ಕೊಡುತ್ತಾನೆ, ಬೆಳಿಗ್ಗೆ ಗೂಡ್ಸ್ ಆಟೊದಲ್ಲಿ ಕರೆದೊಯ್ದು ಸಂಜೆ ಬಿಡುವುದು ಆ ಐವತ್ತರಲ್ಲಿಯೇ ಸೇರಿತು. ಇದು ಹೊಲದವರಿಗೂ ಗೊತ್ತು, ಹೆಂಗಸರಿಗೂ ಗೊತ್ತು. ಎಲ್ಲರೂ ಒಂದೇ ಬದುವಿನ ಮೇಲೆ ನಿಂತು ಮಾತನಾಡುವವರಲ್ಲವೇ! ಮಗಳಿಗೆ ಉತ್ತರ ತಿಳಿದಿರಲಿಲ್ಲ. ತನ್ನ ಕೈಗೆ ಬರುವ ಮೊತ್ತವಷ್ಟೇ ಆಕೆಗೆ ಗೊತ್ತು. ಮಗ ಮಾತ್ರ ಕೊಂಚ ತಡೆದು ಹೇಳಿದ: ಅವನ ಕೈಗೆ ದಿನಕ್ಕೆ ರೂ. 5,000 ಬರುತ್ತದೆ. ಕೆಲಸ ಮಾಡಿಸಿಕೊಳ್ಳುವ ಕಂಪನಿಯು ಅವನಿಗಾಗಿ ದಿನಕ್ಕೆ ರೂ. 8,000 ತೆರುತ್ತಿದೆಯೆಂಬುದು ಎರಡು ವರ್ಷಗಳ ಬಳಿಕ, ಬೇರೆಯವರಿಗೆ ಹೋಗಬೇಕಾದ ಬಿಲ್ಲು ತಪ್ಪಿ ತನ್ನ ಕಣ್ಣಿಗೆ ಬಿದ್ದಾಗ ತಿಳಿಯಿತು. ನಡುವೆ ಒಂದಲ್ಲ, ಎರಡು ಏಜೆನ್ಸಿಗಳಿದ್ದವು. ತನ್ನ ದರವನ್ನು ಯಾರಿಗೂ ಹೇಳಕೂಡದೆಂದು ಕರಾರುಪತ್ರದಲ್ಲಿ ಬರೆಸಿಕೊಂಡಿದ್ದರಂತೆ.

ದಿನಕ್ಕೆ ಐದು ಸಾವಿರವೆಂಬ ಮಾತನ್ನು ಕೇಳಿ ತಾಯಿ ಬೆರಗಾದರು. ಹದಿನಾಲ್ಕು ದಿನ ಹೂ ಬಿಡಿಸಿದರೂ ಅವರಿಗೆ ಅಷ್ಟು ಆಗದು. ಆದರೆ ನಮ್ಮ ಮನಸ್ಸಿಗೆ ನಾಟಿದ್ದು ಬೇರೆಯೇ ಸಂಗತಿ. ಅಕ್ಷರ ಬಾರದ ತಾಯಿಗೆ ನಡುವಿನವನ ಪಾಲು ಪೈಸೆಗೆ ಪೈಸೆ ಗೊತ್ತಿದೆ, ಅದು ಶೇ. 12.5. ಪದವಿ ಪಡೆದ ಮಗಳಿಗೆ ಅದು ಗೊತ್ತಿಲ್ಲ. ಇಂಜಿನಿಯರಿಂಗ್ ಓದಿದ ಮಗನ ದುಡಿಮೆಯಲ್ಲಿ ಶೇ. 37.5 ಪಾಲು ನಡುದಾರಿಯಲ್ಲಿಯೇ ನಿಲ್ಲುತ್ತಿದೆ. ಅದನ್ನು ಕೇಳಬಾರದೆಂದು ಅವನೇ ರುಜು ಹಾಕಿಕೊಟ್ಟಿದ್ದಾನೆ. ಒಂದೇ ಮನೆಯಲ್ಲಿ ಓದು ಹೆಚ್ಚಿದಂತೆಲ್ಲ ಲೆಕ್ಕವು ಮರೆಯಾಗುತ್ತ ಹೋಗಿದೆ.

ನಡುವಿನವರೆಲ್ಲರೂ ಕೆಟ್ಟವರೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಕೆಲಸವಿರುವ ಕಡೆಗೆ ಕೆಲಸಗಾರರನ್ನು ಹೊಂದಿಸಿಕೊಡುವುದೂ ಒಂದು ಕೆಲಸವೇ. ಮೇಸ್ತ್ರಿ ಬಾರದಿದ್ದರೆ ಆ ತಾಯಿ ಯಾವ ಹೊಲದಲ್ಲಿ ಯಾವ ದಿನ ಕೊಯ್ಲೆಂದು ಹುಡುಕುತ್ತ ನಡೆಯಬೇಕಾಗುತ್ತದೆ. ಕಂಪನಿಯವರು ಬಿಲ್ಲಿನ ಹಣವನ್ನು ಎರಡು ತಿಂಗಳು ತಡೆದರೂ ಸರಿಯಾದ ಏಜೆನ್ಸಿಯು ಹುಡುಗನಿಗೆ ತಿಂಗಳ ಹಣವನ್ನು ತಪ್ಪದೆ ಕೊಡುತ್ತದೆ. ಆ ಬಂಡವಾಳಕ್ಕೂ ನಷ್ಟದ ಭಯಕ್ಕೂ ಒಂದು ಬೆಲೆಯಿರುವುದು ನ್ಯಾಯವೇ. ಆದರೆ ಎರಡನೆಯ ಏಜೆನ್ಸಿಯು ಏನು ಮಾಡಿತೆಂದು ಕೇಳಿದಾಗ ಆ ಹುಡುಗನಿಗೆ ಹೇಳಲು ಏನೂ ತೋಚಲಿಲ್ಲ. ಅದು ಅವನ ಹೆಸರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿತ್ತು, ಅಷ್ಟೇ. ಅದಕ್ಕೆ ಪ್ರತಿದಿನವೂ ಪಾಲು ಸಲ್ಲುತ್ತಲೇ ಇದೆ.

ದಿನದ ಕೂಲಿಯ ಮೇಲೆ ದಿನವೂ ಪಾಲು ಪಡೆಯುವ ಈ ಪದ್ಧತಿ ಇಂದಿನದಲ್ಲ. ನಮ್ಮ ಸೀಮೆಗೆ ಹೊಂದಿಕೊಂಡಂತಿರುವ ವಯನಾಡು, ನೀಲಗಿರಿ, ಕೊಡಗುಗಳ ತೋಟಗಳಿಗೆ ಬ್ರಿಟಿಷರ ಕಾಲದಲ್ಲಿ ಮೈಸೂರು ಸೀಮೆಯ ಆಳುಗಳು ಹೋಗುತ್ತಿದ್ದುದು ಮೇಸ್ತ್ರಿಗಳ ಮೂಲಕವೇ. ಮೇಸ್ತ್ರಿಯು ಮುಂಗಡ ಕೊಟ್ಟು ಆಳನ್ನು ಕಟ್ಟಿಕೊಳ್ಳುತ್ತಿದ್ದ; ಆಳುಗಳು ದುಡಿದ ಕೂಲಿಯ ಮೇಲೆ ತೋಟದವರಿಂದ ಕಮಿಷನ್ ಪಡೆಯುತ್ತಿದ್ದ. ಸಿಂಹಳದ ತೋಟಗಳಲ್ಲಿ ಕಂಗಾಣಿಗೆ, ತನ್ನ ತಂಡದಲ್ಲಿ ಆ ದಿನ ಕೆಲಸಕ್ಕೆ ಹಾಜರಾದ ಪ್ರತಿಯೊಂದು ತಲೆಗೂ ಇಂತಿಷ್ಟು ಕಾಸೆಂದು ಸಲ್ಲುತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಸೆರೆಮನೆಗೆ ಕಳುಹಿಸಲು 1859ರ ಕಾಯ್ದೆಯೊಂದು ನೆರವಾಗುತ್ತಿತ್ತು. ಅದು ರದ್ದಾಗಲು 1925ರವರೆಗೆ ಕಾಯಬೇಕಾಯಿತು. ಆದ್ದರಿಂದ ಮೇಸ್ತ್ರಿಯನ್ನು ಹಾಡಿಹೊಗಳಲು ನಾವು ಹೊರಟಿಲ್ಲ. ಲೆಕ್ಕ ಬಯಲಿನಲ್ಲಿದ್ದರೂ ಮುಂಗಡದ ಹಗ್ಗ ಕೊರಳಿಗೆ ಬಿದ್ದವನು ಸ್ವತಂತ್ರನಲ್ಲ. ಆದರೆ ಸ್ವತಂತ್ರರೆಂದು ಕರೆಸಿಕೊಳ್ಳುವ ಇಂದಿನ ಓದಿದ ಮಕ್ಕಳಿಗೆ ಲೆಕ್ಕವೂ ಕಾಣದಾಗಿರುವುದು ಹೊಸ ಸಂಗತಿ.

ಇನ್ನು ಮಗಳ ವಿಷಯ. ಹೊರಗುತ್ತಿಗೆಯ ಲೆಕ್ಕವನ್ನು ಪ್ರತಿಯೊಂದು ಮನೆಯವರೂ ಒಮ್ಮೆ ಕೂಡಿ ಕಳೆದು ನೋಡತಕ್ಕದ್ದು. ಸುಲಭಕ್ಕಾಗಿ ಮೂಲ ಸಂಬಳ ರೂ. 15,000 ಎಂದಿಟ್ಟುಕೊಳ್ಳೋಣ. ಇದರ ಮೇಲೆ ಭವಿಷ್ಯನಿಧಿಗೆ ಕೆಲಸ ಕೊಟ್ಟವರ ಪಾಲು, ಆಡಳಿತ ವೆಚ್ಚವೂ ಸೇರಿ, ಶೇ. 13, ಅಂದರೆ ರೂ. 1,950. ಇ.ಎಸ್.ಐ.ಗೆ ಶೇ. 3.25, ಅಂದರೆ ರೂ. 488. ಇಲ್ಲಿಗೆ ರೂ. 17,438 ಆಯಿತು. ಏಜೆನ್ಸಿಯ ಸೇವಾಶುಲ್ಕ ಶೇ. 3.85 ಎಂದು ಹಿಡಿದರೆ ರೂ. 671. ಒಟ್ಟು ರೂ. 18,109ರ ಮೇಲೆ ಶೇ. 18ರ ಜಿ.ಎಸ್.ಟಿ. ರೂ. 3,260, ಕೆಲವು ಸೇವೆಗಳಿಗೆ ಇದರಿಂದ ವಿನಾಯಿತಿಯುಂಟು. ಕಡೆಗೆ ಕಚೇರಿಯು ತೆರುವುದು ರೂ. 21,369. ಇತ್ತ ಆ ಮಗಳ ಸಂಬಳದಲ್ಲಿ ಅವಳ ಪಾಲಿನ ಭವಿಷ್ಯನಿಧಿ ಶೇ. 12, ಇ.ಎಸ್.ಐ. ಶೇ. 0.75 ಮುರಿದು ಕೈಗೆ ಸಿಕ್ಕುವುದು ರೂ. 13,087.

ಎರಡರ ನಡುವಿನ ಅಂತರ ರೂ. 8,282. ಬಿಲ್ಲಿನ ಮೊತ್ತವನ್ನು ಎಲ್ಲಿಯೋ ಕೇಳಿದ ಮಕ್ಕಳು ಏಜೆನ್ಸಿಯವರು ಎಂಟು ಸಾವಿರ ತಿಂದರೆಂದು ಕುದಿಯುತ್ತಾರೆ. ಆದರೆ ಲೆಕ್ಕವು ಸರಿಯಾಗಿ ನಡೆದಿದ್ದರೆ ಏಜೆನ್ಸಿಗೆ ಸಂದದ್ದು ರೂ. 671 ಮಾತ್ರ, ಅಂತರದಲ್ಲಿ ಅತ್ಯಂತ ಚಿಕ್ಕ ಪಾಲುಗಳಲ್ಲಿ ಅದೊಂದು. ರೂ. 3,260 ಸರ್ಕಾರದ ತೆರಿಗೆ. ಉಳಿದ ರೂ. 4,351 ಭವಿಷ್ಯನಿಧಿಗೂ ಇ.ಎಸ್.ಐ.ಗೂ ಸೇರಬೇಕಾದದ್ದು, ಬಹುಮಟ್ಟಿಗೆ ಅದು ಆ ಮಗಳದೇ ಮುಪ್ಪಿನ ಮತ್ತು ರೋಗದ ಕಾಲದ ಹಣ. ಕಳವು ನಡೆಯುವುದು ಹೆಚ್ಚಾಗಿ ಈ ರೂ. 4,351ರಲ್ಲಿ. ಬಿಲ್ಲಿನಲ್ಲಿ ಅದನ್ನು ಪಡೆದುಕೊಂಡು, ಸಂಬಳದಲ್ಲಿಯೂ ಮುರಿದುಕೊಂಡು, ಖಾತೆಗೆ ಕಟ್ಟದೆ ಉಳಿಸಿಕೊಂಡರೆ ಸೇವಾಶುಲ್ಕದ ಆರು ಪಟ್ಟಿಗೂ ಮಿಗಿಲಾದ ಹಣ ದಕ್ಕುತ್ತದೆ.

ಆದ್ದರಿಂದಲೇ ಸೇವಾಶುಲ್ಕ ಸೊನ್ನೆಯೆಂದು ಟೆಂಡರು ಹಾಕುವವನನ್ನು ಕಂಡು ಸಂತೋಷಪಡಬಾರದು. ಬಿಟ್ಟಿಯಾಗಿ ನೂರು ಜನರ ಸಂಬಳ ಬಟವಾಡೆ ಮಾಡಲು ಯಾರೂ ಅಂಗಡಿ ತೆರೆಯುವುದಿಲ್ಲ. ಎದುರಿಗೆ ಕೇಳದ ಲಾಭವನ್ನು ಅವನು ಹಿಂಬಾಗಿಲಿನಲ್ಲಿ ಪಡೆಯುತ್ತಾನೆ. ಇದನ್ನರಿತೇ ಕೇಂದ್ರ ಹಣಕಾಸು ಸಚಿವಾಲಯವು 2023ರ ಜನವರಿಯಲ್ಲಿ, ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯ ಮೂಲಕ ಸಿಬ್ಬಂದಿ ಪಡೆಯುವಾಗ ಸೇವಾಶುಲ್ಕವು ಶೇ. 3.85ಕ್ಕಿಂತ ಕಡಿಮೆಯಿರಬಾರದೆಂದು ಸೂಚಿಸಿತು. ನಡುವಿನವನಿಗೆ ನ್ಯಾಯವಾದ ಪಾಲನ್ನು ಬಹಿರಂಗವಾಗಿ ಕೊಡದೆಹೋದರೆ ಅನ್ಯಾಯವಾದ ಪಾಲನ್ನು ಅವನು ಗುಟ್ಟಾಗಿ ಪಡೆಯುತ್ತಾನೆಂಬ ಲೋಕಾನುಭವವೇ ಇದರ ಹಿಂದಿರುವುದು.

ಹೀಗೆ ಉಪದೇಶದ ದಾರಿ ಹಿಡಿದಿದ್ದಾಗ ನಮಗೆ ಹಠಾತ್ತನೆ ನಮ್ಮದೇ ಒಂದು ತಪ್ಪಿನ ನೆನಪಾಯಿತು. ನಾವು ಸಮಿತಿಯಲ್ಲಿರುವ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಮತ್ತು ಸ್ವಚ್ಛತೆಗೆ ಆರು ಮಂದಿ ಇದ್ದಾರೆ. ನಾಲ್ಕು ವರ್ಷಗಳಿಂದ ಅವರು ಬರುತ್ತಿದ್ದುದು ಏಜೆನ್ಸಿಯ ಮೂಲಕ. ತಿಂಗಳು ತಿಂಗಳು ಬಿಲ್ಲಿಗೆ ರುಜು ಹಾಕಿದವರಲ್ಲಿ ನಾವೂ ಒಬ್ಬರು. ಆ ಬಿಲ್ಲಿನಲ್ಲಿ ತಲೆಗೆ ರೂ. 14,000 ಎಂದಿರುತ್ತಿತ್ತು. ಮರುದಿನವೇ ನಿಲಯಕ್ಕೆ ಹೋಗಿ ಅಡುಗೆಯ ತಾಯಿಯನ್ನು ಕೇಳಿದೆವು. ಆಕೆಯ ಕೈಗೆ ಬರುತ್ತಿದ್ದುದು ರೂ. 9,500. ಭವಿಷ್ಯನಿಧಿಯ ಹೆಸರನ್ನೇ ಆಕೆ ಕೇಳಿರಲಿಲ್ಲ. "ನೀವೇ ಅಷ್ಟು ಕೊಡೋದು ಅಂದುಕೊಂಡಿದ್ದೆ ಬುದ್ಧಿ" ಎಂದರು. ನಾಲ್ಕು ವರ್ಷಗಳ ಕಾಲ ಆಕೆ ಬಡಿಸಿದ ಪ್ರಸಾದವನ್ನು ಸ್ವೀಕರಿಸುತ್ತ, ಕಾಯಕದ ಮಹಿಮೆಯನ್ನು ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ. ಆಕೆಯ ಕಾಯಕದ ಫಲ ಎಲ್ಲಿಗೆ ಹೋಗುತ್ತಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ. ಏಜೆನ್ಸಿಯವನದು ಒಂದು ತಪ್ಪಾದರೆ ಕೇಳದೆ ರುಜು ಹಾಕಿದ ನಮ್ಮದು ಮತ್ತೊಂದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಅಂದಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಆ ಶರಣೆ ಪತಿಗೆ ಹೇಳಿ ಹಿಂದಕ್ಕೆ ಸುರಿಸಿ ಬರಿಸಿದರು. ಇಲ್ಲಿ ನಮಗೆ ಬೇಕಾದುದು ಒಂದೇ ಅಂಶ: ತಮ್ಮ ಮನೆಗೆ ಬಂದ ಅಕ್ಕಿ ಎಲ್ಲಿಂದ ಬಂತು, ಎಷ್ಟು ಬಂತು ಎಂಬುದನ್ನು ಲಕ್ಕಮ್ಮನವರು ಅಳೆದು ನೋಡಿದರು. ಅಳೆದು ನೋಡದಿದ್ದರೆ ಹೆಚ್ಚಾದದ್ದು ತಿಳಿಯುತ್ತಲೇ ಇರಲಿಲ್ಲ. ಲೆಕ್ಕ ಕೇಳುವುದು ಸಣ್ಣತನವೆಂಬ ಭಾವನೆ ನಮ್ಮ ಗೌರವಸ್ಥ ಮನೆತನಗಳಲ್ಲಿ ಬೇರೂರಿದೆ. ಅದು ಶರಣರ ದಾರಿಯಲ್ಲ.

ನಡುವಿನವರಿಲ್ಲದೆಯೂ ಕೆಲಸ ನಡೆಯಬಲ್ಲುದೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. ಕೊಳ್ಳೇಗಾಲದಿಂದ ಗುಂಡ್ಲುಪೇಟೆಯ ಮೂಲಕ ಬಂಡೀಪುರದ ಕಾಡನ್ನೂ ಸುಲ್ತಾನ್ ಬತ್ತೇರಿಯನ್ನೂ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಕಲ್ಲಿಕೋಟೆಯನ್ನು ಮುಟ್ಟುತ್ತದೆ. ಆ ಜಿಲ್ಲೆಯ ವಡಗರೆಯ ಬಳಿ ಊರಾಳುಂಗಲ್ ಎಂಬ ಊರಿದೆ. ವಾಗ್ಭಟಾನಂದರೆಂಬ ಗುರುಗಳು ಅಲ್ಲಿ ಜಾತಿಭೇದ, ಮೂಢಾಚಾರಗಳನ್ನು ವಿರೋಧಿಸಿ ಬೋಧಿಸುತ್ತಿದ್ದರು. ಅವರನ್ನು ಅನುಸರಿಸಿದ ಬಡ ಕೂಲಿಕಾರರಿಗೆ ಊರಿನ ಭೂಮಾಲೀಕರು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಆಗ ಗುರುಗಳ ಪ್ರೇರಣೆಯಿಂದ 1925ರಲ್ಲಿ ಹದಿನಾಲ್ಕು ಮಂದಿ ಕೂಡಿ ತಮ್ಮದೇ ಕೂಲಿಕಾರರ ಸಹಕಾರ ಸಂಘವನ್ನು ಕಟ್ಟಿಕೊಂಡರು. ಕೈಯಲ್ಲಿದ್ದ ಬಂಡವಾಳ ಕೆಲವೇ ಆಣೆಗಳು. ಗುತ್ತಿಗೆಯನ್ನು ಸಂಘವೇ ಹಿಡಿಯುವುದು, ದುಡಿಯುವವರೇ ಸದಸ್ಯರಾಗಿರುವುದು, ಲೆಕ್ಕ ಎಲ್ಲರ ಮುಂದಿರುವುದು, ಇದು ಅವರ ಕ್ರಮ. 2025ಕ್ಕೆ ನೂರು ವರ್ಷ ತುಂಬಿದ ಆ ಸಂಘ ಇಂದು ಸೇತುವೆ, ಹೆದ್ದಾರಿಗಳನ್ನು ಕಟ್ಟುತ್ತಿದೆ; ಸಾವಿರಾರು ಕುಟುಂಬಗಳು ಅದರಿಂದ ಬದುಕುತ್ತಿವೆ; ಕಲ್ಲಿಕೋಟೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ನೆಲೆಯಾದ ಸೈಬರ್ ಪಾರ್ಕನ್ನೂ ಅದೇ ನಿರ್ಮಿಸಿದೆ.

ನಮ್ಮ ರಾಜ್ಯದಲ್ಲಿಯೂ ಇಂಥ ಬೆಳಕು ಇಲ್ಲದಿಲ್ಲ. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಗುತ್ತಿಗೆದಾರರ ಕೈಯಲ್ಲಿದ್ದರು. ಅವರ ಹೋರಾಟದ ಫಲವಾಗಿ 2018ರಿಂದ ಪಾಲಿಕೆಯೇ ನೇರವಾಗಿ ಸಂಬಳ ಕೊಡಲಾರಂಭಿಸಿತು. 2025ರ ಮೇ ದಿನದಂದು 12,692 ಮಂದಿಗೆ ಕಾಯಂ ನೇಮಕಾತಿಯ ಪತ್ರಗಳು ದೊರೆತವು. ಹೊರದೇಶಗಳಲ್ಲಿಯೂ ಈ ವಿಚಾರ ನಡೆದಿದೆ. ನಮ್ಮ ಚಾಮರಾಜನಗರ ಜಿಲ್ಲೆಯು ರಚನೆಯಾದ 1997ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು, ಕೆಲಸ ಕೊಡಿಸುವ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಬಳಸಿಕೊಂಡಾಗಲಿ ಶುಲ್ಕ ಪಡೆಯಕೂಡದೆಂಬ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು ಅದಕ್ಕೆ ಇನ್ನೂ ಸಹಿ ಹಾಕಿಲ್ಲ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ, ಏಜೆನ್ಸಿಯ ಮೂಲಕ ಕೆಲಸಕ್ಕೆ ಸೇರುವವರಿಗೆ ದರ ಎಷ್ಟು, ಯಾವ ಯಾವ ಕಡಿತಗಳು, ಕೈಗೆ ಎಷ್ಟು ಎಂಬುದನ್ನು ತಿಳಿಸುವ ಪತ್ರವನ್ನು ಮೊದಲೇ ಕೊಡಬೇಕೆಂಬ ನಿಯಮ ಬಂದಿದೆ. ಒಂದು ಹಾಳೆಯ ಕಾಗದ ಅದು. ಆದರೆ ಅದರಿಂದ ಎಷ್ಟೋ ಅನುಮಾನಗಳು ಬಗೆಹರಿಯುತ್ತವೆ.

ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆದಾರನು ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ಹಳೆಯ ನಿಯಮ ಹೊಸದರಲ್ಲಿಯೂ ಉಳಿದಿದೆ. ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿ ಕೊಡುವುದು ಕರ್ತವ್ಯವಾಗಿದೆ. ಆದರೆ ಒಂದು ಕೊರತೆಯೂ ಇದೆ: ಗುತ್ತಿಗೆ ಕಾರ್ಮಿಕರ ರಕ್ಷಣೆಯ ಭಾಗವು ಹಿಂದೆ ಇಪ್ಪತ್ತು ಮಂದಿ ಇದ್ದಲ್ಲಿಯೇ ಅನ್ವಯಿಸುತ್ತಿತ್ತು, ಈಗ ಐವತ್ತು ಮಂದಿ ಬೇಕು. ಸಣ್ಣ ಏಜೆನ್ಸಿಗಳು ಇದರಿಂದ ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ಕಾಯ್ದೆಯೊಂದನ್ನೇ ನಂಬಿ ಕೂರುವಂತಿಲ್ಲ. ಭವಿಷ್ಯನಿಧಿಯ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ್ದಾರೆಯೇ ಎಂಬುದನ್ನು ತಮ್ಮ ಯು.ಎ.ಎನ್. ಸಂಖ್ಯೆಯಿಂದ ಪಾಸ್‌ಬುಕ್ ತೆರೆದು ಪ್ರತಿ ತಿಂಗಳೂ ನೋಡಿಕೊಳ್ಳತಕ್ಕದ್ದು. ಸರ್ಕಾರಿ ಕಚೇರಿಯು ಏಜೆನ್ಸಿಯೊಡನೆ ಮಾಡಿಕೊಂಡ ಕರಾರನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ರೂ. 10 ಶುಲ್ಕ ಕಟ್ಟಿ ಕೇಳಬಹುದು. ಕೆಲಸಗಾರರ ಪರವಾಗಿ ಬೇರೆ ಯಾವ ನಾಗರಿಕನಾದರೂ ಅರ್ಜಿ ಹಾಕಬಹುದು. ಕೆಲಸ ಹೋದೀತೆಂದು ಅಂಜುವವರಿಗೆ ಇದೊಂದು ಆಸರೆ.

ಮಗನಿಗೆ ನಾವು ಹೇಳಿದ್ದು ಇಷ್ಟು: ಕೋಪದಲ್ಲಿ ಕೆಲಸ ಬಿಡಬೇಡ. ಮುಂದಿನ ಕರಾರಿಗೆ ರುಜು ಹಾಕುವ ಮುನ್ನ ಕಂಪನಿ ತೆರುವ ದರವೆಷ್ಟು, ನಡುವೆ ಎಷ್ಟು ಕೈಗಳಿವೆ ಎಂದು ಕೇಳು. ಹೇಳಲಾರೆವೆಂದರೆ ಅದೂ ಒಂದು ಉತ್ತರವೇ. ಕರಾರು ಮುಗಿದ ಬಳಿಕವೂ ಆ ಕಂಪನಿಗೆ ನೇರವಾಗಿ ಸೇರಕೂಡದೆಂಬ ಷರತ್ತನ್ನು ಕಂಡು ಹೆದರಬೇಡ; ಒಬ್ಬನ ವೃತ್ತಿಗೆ ತಡೆಯೊಡ್ಡುವ ಕರಾರು ಊರ್ಜಿತವಲ್ಲವೆಂದು 1872ರ ಕರಾರು ಕಾಯ್ದೆಯ 27ನೆಯ ಪ್ರಕರಣ ಹೇಳುತ್ತದೆ. ಆದರೂ ವಕೀಲರೊಬ್ಬರಿಗೆ ತೋರಿಸದೆ ಹೆಜ್ಜೆಯಿಡಬೇಡ. ನಿನಗೆ ರಜೆಯ ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ; ಐದು ಸಾವಿರದಲ್ಲಿ ಅವೆರಡನ್ನೂ ನೀನೇ ತೆಗೆದಿಡಬೇಕೆಂಬುದು ನೆನಪಿರಲಿ.

ಮಗಳ ಪಾಸ್‌ಬುಕ್ಕನ್ನು ಅಣ್ಣನು ಅಂದೇ ನಮ್ಮೆದುರಿಗೆ ತನ್ನ ಫೋನಿನಲ್ಲಿ ತೆಗೆದು ತೋರಿಸಿದ. ಹದಿನಾಲ್ಕು ತಿಂಗಳಲ್ಲಿ ಹಣ ಜಮೆಯಾದದ್ದು ಐದು ತಿಂಗಳದು ಮಾತ್ರ. ಏಜೆನ್ಸಿಗೆ ಬರೆಯದೆ ಕಚೇರಿಯ ಮುಖ್ಯಸ್ಥರಿಗೇ ಬರೆಯುವಂತೆ, ಒಬ್ಬಳೇ ಬರೆಯದೆ ಜೊತೆಯ ಹನ್ನೊಂದು ಮಂದಿಯೂ ರುಜು ಹಾಕುವಂತೆ ಸೂಚಿಸಿದೆವು. ಬರೆದರು. ಅಧಿಕಾರಿಗಳು ಏಜೆನ್ಸಿಯ ಎರಡು ತಿಂಗಳ ಬಿಲ್ಲನ್ನು ತಡೆಹಿಡಿದ ಮೇಲೆ ಆರು ತಿಂಗಳ ಬಾಕಿ ಜಮೆಯಾಯಿತು. ಮೂರು ತಿಂಗಳದು ಇನ್ನೂ ಬರಬೇಕು. ಅವಳ ಕರಾರಿನ ನವೀಕರಣದ ಕಾಗದವೂ ಇನ್ನೂ ಬಂದಿಲ್ಲ. ಆ ತಾಯಿಯ ಮನೆಯಲ್ಲಿ ಆತಂಕ ಕಳೆದಿಲ್ಲವೆಂಬುದನ್ನು ಓದುಗರಿಂದ ಮರೆಮಾಚಲಾರೆವು.

ನಮ್ಮ ನಿಲಯದ ಆರು ಮಂದಿಯನ್ನು ಈಗ ಸಂಸ್ಥೆಯ ಹಾಜರಿ ಪುಸ್ತಕಕ್ಕೇ ತೆಗೆದುಕೊಂಡಿದ್ದೇವೆ. ಇದರಿಂದ ಸಂಸ್ಥೆಗೆ ಒಂದು ರೂಪಾಯಿಯೂ ಉಳಿತಾಯವಾಗಲಿಲ್ಲ. ರಜೆ, ಹಾಜರಿ, ಬದಲಿ ಜನರನ್ನು ಹುಡುಕುವ ತೊಂದರೆಗಳೆಲ್ಲ ನಮ್ಮ ಹೆಗಲಿಗೆ ಬಂದಿವೆ. ಆದರೆ ಅಡುಗೆಯ ತಾಯಿಗೆ ಸಲ್ಲಬೇಕಾದದ್ದು ಸಲ್ಲುತ್ತಿದೆ.

ಸದ್ಭಕ್ತರೇ, ನಮ್ಮ ಸಮಾಜದ ಶಾಲೆ, ಕಲ್ಯಾಣಮಂಟಪ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಸಮಿತಿಗಳಲ್ಲಿ ನಿಮ್ಮಲ್ಲಿ ಅನೇಕರು ಇದ್ದೀರಿ. ಏಜೆನ್ಸಿಗಳನ್ನು ನಡೆಸುವವರೂ ನಮ್ಮ ನಡುವೆ ಇದ್ದಾರೆ. ನಡೆಸುವವರು ತಮ್ಮ ಪಾಲು ಇಷ್ಟೆಂದು ಕೆಲಸಗಾರನಿಗೆ ಬರೆದು ಕೊಡಲಿ. ಪ್ರಾಮಾಣಿಕರಿಗೆ ಇದರಿಂದ ನಷ್ಟವಿಲ್ಲ, ಗೌರವವೇ ಹೆಚ್ಚುತ್ತದೆ. ಸಮಿತಿಯಲ್ಲಿರುವವರು ಮುಂದಿನ ತಿಂಗಳ ಬಿಲ್ಲಿಗೆ ರುಜು ಹಾಕುವ ಮೊದಲು ಅಡುಗೆಮನೆಗೆ ಹೋಗಿ, ಕಸ ಗುಡಿಸುವವರ ಬಳಿ ನಿಂತು, ಅವರ ಕೈಗೆ ಎಷ್ಟು ಬರುತ್ತಿದೆಯೆಂದು ಒಮ್ಮೆ ಕೇಳಲಿ. ನಾವು ನಾಲ್ಕು ವರ್ಷ ತಡಮಾಡಿದೆವು. ನೀವು ತಡಮಾಡಬೇಡಿ.